ಹುಳ ಆರಿಸುವವನ ಸಂಕಷ್ಟಿ

ನಮ್ಮ ಮನೆಗೆ ಬಂದು ಉಳಿದುಕೊಳ್ಳುವ ನೆಂಟರೆಲ್ಲ ಮೊದಲ ರಾತ್ರಿಯೇ ಅಮ್ಮನನ್ನು ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ. "ಇಷ್ಟೊತ್ತಲ್ಲೂ ಆಫೀಸ್ ಕೆಲಸಾನಾ ಇವನಿಗೆ?" ಹಾಲಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತ ನನಗೆ ಕೇಳಿಸಬಾರದು ಅಂತ ಪಿಸುಗುಟ್ಟುತ್ತಾರೆ. ಅಮ್ಮನಿಗೆ ಪಿಸುಗುಟ್ಟಿ ಅಭ್ಯಾಸವಿಲ್ಲ. "ಆಫೀಸಿಂದಾದ್ರೆ ಸಂಬಳ ಆದ್ರೂ ಬರ್ತಿತ್ತು. ಇದು ಬಿಟ್ಟಿ ಕೆಲಸ ಕಣ್ರೀ. ಕಂಪ್ಯೂಟರಲ್ಲಿ ಹುಳ ಆರಿಸ್ತಾನೆ."

ನೆಂಟರು ನನ್ನತ್ತ ಒಮ್ಮೆ ನೋಡುತ್ತಾರೆ. 'ಪಾಪ, ಹುಡುಗ ಚೆನ್ನಾಗೇ ಓದ್ತಿದ್ದ' ಅನ್ನುವ ನೋಟ ಅದು.

ಅಮ್ಮ ಹೇಳುವುದರಲ್ಲಿ ತಪ್ಪೇನೂ ಇಲ್ಲ. ತಂತ್ರಾಂಶದ ದೋಷಕ್ಕೆ ಇಂಗ್ಲಿಷಿನಲ್ಲಿ ಬಗ್ ಅನ್ನುತ್ತಾರೆ, ಬಗ್ ಅಂದರೆ ಹುಳವೇ. ನಾನು ಒಂದು ಓಪನ್ ಸೋರ್ಸ್ ತಂತ್ರಾಂಶಕ್ಕೆ ಬರುವ ದೂರುಗಳನ್ನು ವಿಂಗಡಿಸುವ ಸ್ವಯಂಸೇವಕ. ಓಪನ್ ಸೋರ್ಸ್ ಅಂದರೆ ಊರ ಕೆರೆ ಇದ್ದ ಹಾಗೆ. ನೀರು ಎಲ್ಲರದ್ದು, ಯಾರು ಬೇಕಾದರೂ ಮೊಗೆದುಕೊಳ್ಳಬಹುದು. ಹೂಳೆತ್ತುವವರು ಮಾತ್ರ ಯಾರೋ ನಾಲ್ಕು ಜನ. ಆ ನಾಲ್ಕು ಜನರಿಗೆ 'ಸ್ವಾಮಿ, ಹೂಳು ಇಂಥ ಕಡೆ ಜಾಸ್ತಿಯಾಗಿದೆ' ಅಂತ ಚೀಟಿ ಬರೆದುಕೊಡುವವನು ನಾನು. ಗುದ್ದಲಿ ಹಿಡಿಯುವುದಿಲ್ಲ. ಅಕ್ಕಿ ಬೇಯಿಸುವುದಿಲ್ಲ, ಮೊರ ಹಿಡಿದು ಕಲ್ಲು, ಹುಳ, ನೆಲ್ಲು ಬೇರೆ ಬೇರೆ ಮಾಡುತ್ತೇನೆ ಅಷ್ಟೆ. ಅನ್ನ ಚೆನ್ನಾಗಿದ್ದರೆ ಹೊಗಳಿಕೆ ಅಡುಗೆಯವರಿಗೆ. ಕಲ್ಲು ಸಿಕ್ಕಿದರೆ ಬೈಗುಳ ಮೊರ ಹಿಡಿದವನಿಗೆ.

ಇಂಗ್ಲಿಷಿನವರು ಇದಕ್ಕೆ ಟ್ರಿಯಾಜ್ ಎನ್ನುತ್ತಾರೆ. ಫ್ರೆಂಚಿನಿಂದ ಬಂದ ಮಾತು, ವಿಂಗಡಿಸುವುದು ಅಂತ ಅರ್ಥ. ಯುದ್ಧದ ಡಾಕ್ಟರುಗಳು ಗಾಯಾಳುಗಳ ಮಧ್ಯೆ ನಿಂತು ಈ ಮಾತನ್ನು ದೊಡ್ಡದು ಮಾಡುವ ಮೊದಲು ಅದು ಉಣ್ಣೆ, ಕಾಫಿ ಬೀಜ ವಿಂಗಡಿಸುವವರ ಬಾಯಲ್ಲಿತ್ತು. ಇದನ್ನು ಕೇಳಿದ ಮೇಲೆ ಚಿಕ್ಕಮಗಳೂರು ಕಡೆಯಿಂದ ಬಂದ ನನ್ನ ಹೆಂಡತಿಗೆ ನನ್ನ ಮೇಲಿದ್ದ ಚೂರುಪಾರು ಗೌರವವೂ ಹೋಯಿತು. "ನಮ್ಮೂರಲ್ಲಿ ಅದನ್ನ ದಿನಕ್ಕೆ ಮೂಟೆಗಟ್ಟಲೆ ಮಾಡ್ತಾರೆ. ಯಾರೂ ನಿಮ್ಮ ಥರ ನಿಟ್ಟುಸಿರು ಬಿಡಲ್ಲ."

"ನಿಜವಾದ ಹುಳಾನೇನೋ?" ಅಂತ ಅಮ್ಮ ಒಮ್ಮೆ ಕೇಳಿದ್ದಳು. ಒಂದು ಸಲ ನಿಜವಾದದ್ದೇ ಸಿಕ್ಕಿತ್ತಮ್ಮ ಅಂದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್-2 ಎಂಬ ಕೋಣೆಯಗಲದ ಕಂಪ್ಯೂಟರ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಳಗಿನ ರಿಲೇ ಒಂದರಲ್ಲಿ ಪತಂಗ. ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿ, ನಿಜವಾದ ಹುಳ ಸಿಕ್ಕಿದ್ದು ಇದೇ ಮೊದಲು ಅಂತ ತಮಾಷೆಗೆ ಬರೆದಿಟ್ಟರು. ತಮಾಷೆ ಯಾಕೆಂದರೆ ಯಂತ್ರದ ದೋಷಕ್ಕೆ ಹುಳ ಅನ್ನುವುದು ಆಗಲೇ ಹಳೆಯ ಮಾತು. 1878ರಲ್ಲೇ ಎಡಿಸನ್ ತನ್ನ ಪತ್ರದಲ್ಲಿ ಹಾಗೆ ಬರೆದಿದ್ದಾನೆ. ಪತಂಗ ಅಂಟಿಸಿದ ಆ ಪುಸ್ತಕ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ.

ಅಮ್ಮ ಯೋಚಿಸಿ ಹೇಳಿದಳು: "ಸತ್ತ ಹುಳಾನ ಪುಸ್ತಕಕ್ಕೆ ಅಂಟಿಸಿದ್ರಾ? ಗುಡಿಸಿ ಹಾಕೋಕೆ ಅಲ್ಲಿ ಒಬ್ರೂ ಇರ್ಲಿಲ್ವಾ?"

ದೂರು ವಿಂಗಡಿಸುವವನಿಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲಿನ ತಿರುಳು ಒಂದೇ: 'ಕೆಲಸ ಮಾಡ್ತಿಲ್ಲ.' ಏನು, ಎಲ್ಲಿ, ಯಾವಾಗ, ಒಂದೂ ಇಲ್ಲ. ಆಗ ನಾವು ಮೂರು ಪ್ರಶ್ನೆ ಕೇಳಬೇಕು. ನೀವು ಏನು ಮಾಡಿದಿರಿ? ಏನಾಗಬೇಕಿತ್ತು? ಏನಾಯಿತು? ನಮ್ಮ ಕಸುಬಿನ ಗಾಯತ್ರಿ ಮಂತ್ರ ಇದು. ರಾತ್ರಿಯೆಲ್ಲ ಜಪಿಸಿದ ಮಂತ್ರ ಬೆಳಗಾದರೂ ಬಾಯಿಂದ ಹೋಗಿರುವುದಿಲ್ಲ ಅನ್ನುವುದೇ ತೊಂದರೆ.

"ರೀ, ಗೀಸರ್ ಒಂಥರಾ ಆಡ್ತಿದೆ" ಅಂದಳು ಇವಳು ಒಂದು ಬೆಳಿಗ್ಗೆ.

"ಒಂಥರಾ ಅಂದ್ರೆ?"

"ಒಂಥರಾ ಅಂದ್ರೆ ಒಂಥರಾ."

"ಹಾಗಲ್ಲ. ನೀನು ಏನು ಮಾಡಿದೆ?"

"ಸ್ವಿಚ್ ಹಾಕಿದೆ."

"ಏನಾಗಬೇಕಿತ್ತು?"

"ಬಿಸಿನೀರು ಬರಬೇಕಿತ್ತು."

"ಏನಾಯ್ತು?"

"ನಿಮ್ಮನ್ನ ಕರೆದೆ. ಅದೇ ತಪ್ಪಾಯ್ತು."

ಕನ್ನಡದ 'ಒಂಥರಾ' ಅನ್ನುವ ಪದಕ್ಕೆ ಜಗತ್ತಿನ ಯಾವ ತಂತ್ರಾಂಶದ ದೂರುಪಟ್ಟಿಯಲ್ಲೂ ಒಂದು ಕಾಲಂ ಇಲ್ಲ. ಇರಬೇಕಿತ್ತು.

ಇನ್ನು ತೀವ್ರತೆಯ ವಿಚಾರ. ಡೆಬಿಯನ್ ಅಂತ ಒಂದು ಓಪನ್ ಸೋರ್ಸ್ ವ್ಯವಸ್ಥೆಯಿದೆ. ಅದರ ಹೆಸರಿನಲ್ಲೇ ಸಂಸಾರವಿದೆ. 1993ರಲ್ಲಿ ಅದನ್ನು ಶುರುಮಾಡಿದ ಇಯಾನ್ ಮರ್ಡಾಕ್ ತನ್ನ ಪ್ರೇಯಸಿ ಡೆಬ್ರಾಳ ಹೆಸರು ಮುಂದೆ, ತನ್ನದು ಹಿಂದೆ ಸೇರಿಸಿ ಡೆಬಿಯನ್ ಅಂದ. ಮುಂದೆ ಅವರು ಮದುವೆಯಾಗಿ, ಆಮೇಲೆ ಬೇರೆಯೂ ಆದರು. ಹೆಸರು ಮಾತ್ರ ಒಟ್ಟಿಗೇ ಉಳಿದಿದೆ. ಈ ಡೆಬಿಯನ್‌ನವರು ದೂರುಗಳಿಗೆ ಏಳು ಮೆಟ್ಟಿಲು ಮಾಡಿದ್ದಾರೆ. ಮೇಲಿನ ಮೂರು ಮೆಟ್ಟಿಲಿನವು ಬಗೆಹರಿಯದೆ ಹೊಸ ಆವೃತ್ತಿ ಹೊಸಿಲು ದಾಟುವಂತಿಲ್ಲ. ಅಲ್ಲಿಂದ ಮುಖ್ಯ, ಮಾಮೂಲಿ, ಚಿಲ್ಲರೆ ಅಂತ ಇಳಿಯುತ್ತ ಇಳಿಯುತ್ತ ಕಟ್ಟಕಡೆಯ ಮೆಟ್ಟಿಲು 'ವಿಶ್‌ಲಿಸ್ಟ್'. ಅಂದರೆ, ಆದರೆ ಚೆಂದ, ಆಗದಿದ್ದರೆ ಯಾರೂ ಸಾಯುವುದಿಲ್ಲ.

ಮನೆಯಲ್ಲಿ ಏಳು ಮೆಟ್ಟಿಲಿಲ್ಲ. ನಾಳೆ ಸ್ಕೂಲಿಗೆ ಚಾರ್ಟ್ ಪೇಪರ್ ಬೇಕು ಅಂತ ಮಗಳಿಗೆ ನೆನಪಾಗುವುದು ಹಿಂದಿನ ರಾತ್ರಿ ಒಂಬತ್ತೂವರೆಗೆ, ಅಂಗಡಿಯವನು ಶಟರ್ ಎಳೆಯುವ ಹೊತ್ತಿಗೆ. ಅದು ಮೊದಲ ಮೆಟ್ಟಿಲು. ಅಪ್ಪನ ಕನ್ನಡಕ ಕಾಣೆಯಾದದ್ದೂ ಮೊದಲ ಮೆಟ್ಟಿಲೇ, ಅದು ಅವರ ಹಣೆಯ ಮೇಲೇ ಇದ್ದರೂ. ವಿಶ್‌ಲಿಸ್ಟ್‌ನಲ್ಲಿರುವುದು ಒಂದೇ, ಅಡುಗೆಮನೆಗೆ ಹೆಂಡತಿ ಕೇಳಿದ ಇನ್ನೊಂದು ಶೆಲ್ಫು. ನಾಲ್ಕು ವರ್ಷದಿಂದ ಅಲ್ಲೇ ಇದೆ. ಅದು ಇರುವ ಜಾಗಕ್ಕೆ ಹಾಗೊಂದು ಹೆಸರಿದೆ ಅಂತ ಅವಳಿಗೆ ಹೇಳಿದ್ದು ನನ್ನ ದಾಂಪತ್ಯದ ದೊಡ್ಡ ತಪ್ಪುಗಳಲ್ಲಿ ಒಂದು.

ಇನ್ನೊಂದು ತಪ್ಪು 'ಡೂಪ್ಲಿಕೇಟ್'. ಒಂದೇ ದೂರನ್ನು ಹತ್ತು ಜನ ಹತ್ತು ರೀತಿಯಲ್ಲಿ ಬರೆದಿರುತ್ತಾರೆ. ಒಂಬತ್ತನ್ನು ಮೊದಲನೆಯದಕ್ಕೆ ಗಂಟುಹಾಕಿ ಮುಚ್ಚುವುದು ನಮ್ಮ ಕೆಲಸದಲ್ಲಿ ತುಂಬ ನೆಮ್ಮದಿಯ ಭಾಗ. ಅದೇ ಗುಂಗಿನಲ್ಲಿ ಒಂದು ಭಾನುವಾರ ಇವಳಿಗೆ, "ಇದು ಹೋದ ವಾರದ್ದೇ ಅಲ್ವಾ?" ಅಂದುಬಿಟ್ಟೆ. "ಹೌದು, ಹೋದ ವಾರದ್ದೇ. ಹೋದ ವಾರ ನೀವು ಮಾಡ್ಲಿಲ್ಲ ಅಂತಾನೇ ಈ ವಾರನೂ ಹೇಳ್ತಿರೋದು." ಇದಕ್ಕೆ ನಮ್ಮ ಕೈಪಿಡಿಯಲ್ಲಿ ಉತ್ತರವಿಲ್ಲ.

ದೂರು ಎಷ್ಟು ವರ್ಷ ತೆರೆದಿರಬಹುದು ಅಂತ ಅಪ್ಪ ಕೇಳಿದರು. ಡೆಬಿಯನ್ ಥರದ್ದೇ ಇನ್ನೊಂದು ಓಪನ್ ಸೋರ್ಸ್ ವ್ಯವಸ್ಥೆಯಾದ ಉಬುಂಟುವಿನ 1ನೇ ನಂಬರಿನ ದೂರಿನ ಕಥೆ ಹೇಳಿದೆ. 2004ರ ಆಗಸ್ಟ್‌ನಲ್ಲಿ ಅದನ್ನು ಬರೆದವನು ಉಬುಂಟು ಕಟ್ಟಿದ ಮಾರ್ಕ್ ಶಟಲ್‌ವರ್ತ್‌ನೇ. ದೂರು ಏನೆಂದರೆ, ಮಾರುಕಟ್ಟೆಯಲ್ಲಿ ದೊಡ್ಡ ಪಾಲು ಮೈಕ್ರೋಸಾಫ್ಟ್‌ನದ್ದಾಗಿದೆ! ಪಕ್ಕದ ಮನೆಯವರು ಶ್ರೀಮಂತರಾಗಿದ್ದಾರೆ ಅಂತ ನಮ್ಮ ಮನೆಯ ದೂರುಪುಸ್ತಕದಲ್ಲಿ ಬರೆದ ಹಾಗೆ. ಸುಮಾರು ಒಂಬತ್ತು ವರ್ಷ ತೆರೆದೇ ಇತ್ತು. 2013ರ ಮೇ ತಿಂಗಳಲ್ಲಿ ಅವನೇ ಮುಚ್ಚಿದ. ಜಗತ್ತು ಫೋನು, ಟ್ಯಾಬ್ಲೆಟ್‌ಗಳ ಕಡೆ ತಿರುಗಿ, ಆ ಹಳೆಯ ಜಗಳಕ್ಕೇ ಅರ್ಥವಿಲ್ಲದಂತಾಗಿತ್ತು.

"ನಂದೂ ಹಾಗೇ ಆಯ್ತು" ಅಂದರು ಅಪ್ಪ. "ಲ್ಯಾಂಡ್‌ಲೈನ್ ಹೊಡ್ಕೊಂಡ್ರೆ ಈ ಮನೇಲಿ ಯಾರೂ ಎತ್ತಲ್ಲ ಅಂತ ಹದಿನೈದು ವರ್ಷ ಕೂಗಿದೆ. ಯಾರೂ ಎತ್ಲಿಲ್ಲ. ಕೊನೆಗೆ ಲ್ಯಾಂಡ್‌ಲೈನೇ ಹೋಯ್ತು."

ತಪ್ಪು ಹುಡುಕಿ ಹೇಳಿದವರಿಗೆ ದುಡ್ಡು ಕೊಡುವ ಮಹಾನುಭಾವರೂ ಇದ್ದಾರೆ. ಗಣಿತದ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಜೋಡಿಸುವ ಟೆಕ್ ಎಂಬ ತಂತ್ರಾಂಶ ಬರೆದ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ ಬರೆದು ಕಳಿಸುತ್ತಿದ್ದರು. ಹದಿನಾರು ಹದಿನಾರಲ 256 ಸೆಂಟು. ಹದಿನಾರರ ಲೆಕ್ಕದಲ್ಲಿ ಎಣಿಸುವವರಿಗೆ ಅದು ಸರಿಯಾಗಿ ಒಂದು ಡಾಲರ್. ಬಹಳ ಜನ ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಹಾಕಿಕೊಂಡರು. ಊಟದ ಹೊತ್ತಿಗೆ ನಾನಿದನ್ನು ಭಾವುಕನಾಗಿ ವರ್ಣಿಸುತ್ತಿದ್ದರೆ ಹೆಂಡತಿ ಬೆರಳು ಮಡಿಸಿ ಎಣಿಸುತ್ತಿದ್ದಳು. "ಹದಿನಾಲ್ಕು ವರ್ಷದಲ್ಲಿ ನಾನು ತೋರಿಸಿದ ತಪ್ಪಿಗೆ ನಿಮ್ಮಿಂದ ಎಷ್ಟು ಬಾಕಿ ಅಂತ ಲೆಕ್ಕ ಹಾಕ್ತಿದ್ದೀನಿ. ನಾನು ಫ್ರೇಮ್ ಗೀಮ್ ಹಾಕ್ಸಲ್ಲ. ಸೀದಾ ಬ್ಯಾಂಕಿಗೆ."

ಇಷ್ಟೆಲ್ಲ ಅನ್ನಿಸಿಕೊಂಡೂ ಯಾಕಪ್ಪಾ ಈ ಕೆಲಸ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಒಂದು 'ರ‍್ಯಾಂಕ್'.

ನಾನೀಗ ಹುಳ ಆರಿಸುವ ತಂತ್ರಾಂಶದಲ್ಲೇ ಮಗಳ ಪ್ರಬಂಧವನ್ನು ಟೈಪ್ ಮಾಡುತ್ತಿದ್ದೆ. ಕನ್ನಡದಲ್ಲಿ ರಕಾರಕ್ಕೆ ಯಕಾರ ಸೇರಿದರೆ ಕಂಪ್ಯೂಟರ್ ಅದನ್ನು 'ಸೂರ್ಯ'ದ ಹಾಗೆ ಅರ್ಕಾವತ್ತು ಮಾಡಿಬಿಡುತ್ತದೆ. 'ರ‍್ಯಾಂಕ್' ಆಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಕೊಂಡಿ ಸೇರಿಸಬೇಕು. ನಾನು ಸೇರಿಸಿದೆ. ಉಳಿಸಿ, ಮತ್ತೆ ತೆರೆದರೆ ಕೊಂಡಿ ಮಾಯ! ಕಾಣದ್ದೆಲ್ಲ ಕಸ ಅಂತ ತಂತ್ರಾಂಶ ಅದನ್ನು ಗುಡಿಸಿ ಹಾಕಿತ್ತು. ರ‍್ಯಾಂಕ್ ಹೋಗಿ 'ರ್ಯಾಂಕ್' ಆಗಿತ್ತು. ಹುಮ್ಮಸ್ಸಿನಿಂದ ದೂರು ಬರೆದೆ. ಎಲ್ಲಿಯವರೋ ಒಬ್ಬರು ಉತ್ತರಿಸಿದರು: ನನ್ನಲ್ಲಿ ಸರಿಯಾಗಿಯೇ ಕಾಣುತ್ತಿದೆಯಲ್ಲ! ಅವರದ್ದೂ ತಪ್ಪಲ್ಲ. ಕನ್ನಡ ಬಾರದವರ ಕಣ್ಣಿಗೆ ಎರಡೂ ಜಿಲೇಬಿಯೇ.

ಈ ಉತ್ತರಕ್ಕೆ ನಮ್ಮಲ್ಲಿ ಒಂದು ಮುದ್ರೆಯೇ ಇದೆ. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದವರು 1998ರಿಂದ ಬಳಸುತ್ತಿರುವ ಬಗ್‌ಝಿಲ್ಲಾ ಎಂಬ ದೂರುಪುಸ್ತಕದಲ್ಲಿ ಅದನ್ನು 'ವರ್ಕ್ಸ್‌ಫಾರ್‌ಮಿ' ಎಂದು, ನಡುವೆ ಉಸಿರಾಡಲೂ ಜಾಗ ಬಿಡದೆ, ಒಂದೇ ಪದವಾಗಿ ಒತ್ತುತ್ತಾರೆ. 'ನನಗೇನೂ ಆಗಿಲ್ಲ, ನಿನಗೆ ಹೇಗಾಯ್ತು?' ಅಂತ ಅರ್ಥ. ಗಂಡಸರ ಕುಲಕ್ಕೇ ಇದು ಹುಟ್ಟಿನಿಂದ ಬಂದ ಉತ್ತರ.

ವಾರಗಟ್ಟಲೆ ನನ್ನ ದೂರು ಅನಾಥವಾಗಿ ಬಿದ್ದಿತ್ತು. ಒಂದು ರಾತ್ರಿ ಬಂಗಾಳಿ ಬರೆಯುವ ಒಬ್ಬರು ಕೆಳಗೆ ಒಂದು ಸಾಲು ಸೇರಿಸಿದರು: ನಮ್ಮಲ್ಲೂ ಹೀಗೇ ಆಗುತ್ತೆ. ಬಂಗಾಳಿಯಲ್ಲೂ 'ರ‍್ಯಾಂಕ್' ಬರೆಯಲು ಅದೇ ಕಾಣದ ಕೊಂಡಿ ಬೇಕು. ದೂರಿನ ಮೇಲಿದ್ದ 'ಖಚಿತವಾಗಿಲ್ಲ' ಅನ್ನುವ ಪಟ್ಟಿ ಹೋಗಿ 'ಖಚಿತ' ಅಂತಾಯಿತು. ರಿಪೇರಿ ಇನ್ನೂ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಆದರೂ ಆ ರಾತ್ರಿ ಅಡುಗೆಮನೆಗೆ ಹೋಗಿ ಡಬ್ಬಿಯಲ್ಲಿ ಉಳಿದಿದ್ದ ಎರಡು ಕೊಬ್ಬರಿಮಿಠಾಯಿ ತಿಂದೆ. ಮಾರನೆಯ ದಿನವೇ ಹುಳ ಆರಿಸುವವರ ಪಟ್ಟಿಗೆ ಹೆಸರು ಕೊಟ್ಟೆ.

ಹೋದ ತಿಂಗಳು ಊಟಕ್ಕೆ ಕೂತಾಗ ಮಂಗಳವಾರದ ಕಥೆ ತೆಗೆದೆ. ಅದು ಉಬುಂಟುವಿನ 255161ನೇ ದೂರು, 2008ರಲ್ಲಿ ಶುರುವಾದದ್ದು. ಓಪನ್ ಆಫೀಸ್ ಎಂಬ ತಂತ್ರಾಂಶದಿಂದ ಪ್ರಿಂಟ್ ಕೊಟ್ಟರೆ ಪ್ರಿಂಟರು ಸುಮ್ಮನಿರುತ್ತದೆ ಅಂತ ಜನ ತಲೆ ಕೆಡಿಸಿಕೊಂಡಿದ್ದರು. ನಡುವೆ ಒಬ್ಬ ಗೃಹಸ್ಥ ಬಂದು, ಮಂಗಳವಾರ ಮಾತ್ರ ಪ್ರಿಂಟ್ ಆಗುವುದೇ ಇಲ್ಲ ಅಂತ ನನ್ನ ಹೆಂಡತಿ ದೂರುತ್ತಾಳೆ ಅಂತ ಬರೆದ. ಯಾರಾದರೂ ನಂಬುವ ಮಾತೇ? ಆದರೆ ಹುಡುಕಿ ನೋಡಿದರೆ ಆಕೆ ಹೇಳಿದ್ದು ಅಕ್ಷರಶಃ ನಿಜ! ಪ್ರಿಂಟರಿಗೆ ಹೋಗುವ ಕಡತದ ತಲೆಯಲ್ಲಿ ಅದು ತಯಾರಾದ ದಿನ ಬರೆದಿರುತ್ತದೆ. ಕಡತ ಯಾವ ಜಾತಿಯದ್ದು ಅಂತ ಮೊದಲ ಕೆಲವು ಅಕ್ಷರ ನೋಡಿ ಹೇಳುವ ಒಂದು ಪುಟ್ಟ ತಂತ್ರಾಂಶ ನಡುವೆ ಕೂತಿದೆ. ಎರ್ಲಾಂಗ್ ಎಂಬ ಬೇರೆಯೇ ಪ್ರೋಗ್ರಾಮಿಂಗ್ ಭಾಷೆಯ ಕಡತವನ್ನು ಗುರುತಿಸಲು ಅದರಲ್ಲಿ 1991ರ ಒಂದು ಮಂಗಳವಾರದ ಪೂರ್ತಿ ತಾರೀಖನ್ನು ಬರೆದಿಟ್ಟಿದ್ದರು. ಬರೆಯುವಾಗ ಪದಗಳ ನಡುವಿನ ಖಾಲಿ ಜಾಗವನ್ನು ಕಾಯ್ದುಕೊಳ್ಳಲು ಮರೆತಿದ್ದರಿಂದ ತಾರೀಖೆಲ್ಲ ಬಿದ್ದುಹೋಗಿ ವಾರದ ಹೆಸರಷ್ಟೇ ಉಳಿದಿತ್ತು. ಹಾಗಾಗಿ ಮಂಗಳವಾರ ಹುಟ್ಟಿದ ಕಡತಗಳು ಎರ್ಲಾಂಗ್ ಕುಲದವಾಗಿ, ಪ್ರಿಂಟರು ಅವನ್ನು ಮುಟ್ಟುತ್ತಿರಲಿಲ್ಲ.

ನಾನು ಕಥೆ ಮುಗಿಸಿ ಚಪ್ಪಾಳೆಗೆ ಕಾದೆ. ಅಮ್ಮ ಅನ್ನಕ್ಕೆ ಮಜ್ಜಿಗೆ ಬಿಟ್ಟುಕೊಳ್ಳುತ್ತ, "ಇದನ್ನ ಕಂಡುಹಿಡಿಯೋಕೆ ಅಷ್ಟು ಜನ ಬೇಕಾಯ್ತಾ? ಮಂಗಳವಾರ ಯಾರಾದ್ರೂ ಕಾಗದಪತ್ರ ಶುರು ಮಾಡ್ತಾರೇನೋ?" ಅಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು: "ನಂದೂ ಹಾಗಿದ್ದೇ ಒಂದಿದೆ. ಎಂಟು ತಿಂಗಳಿಂದ ಹೇಳ್ತಿದ್ದೀನಿ. ಸಂಕಷ್ಟಿ ದಿನ ಮಾತ್ರ ನನ್ನ ಧಾರಾವಾಹಿ ನಿಂತ್ಕೊಂಡು ಗಿರಗಿರ ಸುತ್ತುತ್ತೆ."

ಅಪ್ಪ ಒಂಬತ್ತು ಗಂಟೆಗೆ ಟಿವಿಯಲ್ಲಿ ನ್ಯೂಸ್ ಚರ್ಚೆ ಹಾಕಿಕೊಳ್ಳುವುದರಿಂದ ಅಮ್ಮ ಧಾರಾವಾಹಿ ನೋಡುವುದು ತನ್ನ ಕೋಣೆಯಲ್ಲಿ, 2020ರಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ತಂದ ಟ್ಯಾಬ್ಲೆಟ್ಟಿನಲ್ಲಿ. ನಾನು ಟ್ಯಾಬ್ಲೆಟ್ ತರಿಸಿ ಅಲ್ಲೇ ಹಾಕಿ ನೋಡಿದೆ. ನೀರು ಹರಿದ ಹಾಗೆ ಓಡಿತು. "ಚೆನ್ನಾಗೇ ಬರ್ತಿದೆಯಲ್ಲಮ್ಮ" ಅಂದೆ.

ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಅಪ್ಪಾ, ಇವತ್ತು ಸಂಕಷ್ಟಿ ಅಲ್ವಲ್ಲ. ಮಂಗಳವಾರದ ದೂರನ್ನ ಬುಧವಾರ ಪರೀಕ್ಷೆ ಮಾಡ್ತಾರಾ?"

ಮುಂದಿನ ಸಂಕಷ್ಟಿಗೆ ಮಗಳು ನೋಟ್‌ಬುಕ್ಕು ಹಿಡಿದು ತಯಾರಾದಳು. ಪಂಚಾಂಗದಲ್ಲಿ ಚಂದ್ರೋದಯ ರಾತ್ರಿ 9 ಗಂಟೆ 4 ನಿಮಿಷಕ್ಕೆ. ಚಂದ್ರ ಸಮಯಕ್ಕೆ ಸರಿಯಾಗಿಯೇ ಹುಟ್ಟಿದ್ದರೂ ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ದಾಟಿ ಬರಲು ಕಾಲು ಗಂಟೆ ತಗೊಂಡ. ಅಮ್ಮ ತಾರಸಿಯಲ್ಲಿ ಅರ್ಘ್ಯ ಕೊಟ್ಟು ಇಳಿದು ಬಂದಳು. ದಿನವೆಲ್ಲ ಉಪವಾಸ, ಊಟ ಮುಗಿಸಿ ಕೋಣೆಗೆ ಹೋಗುವಷ್ಟರಲ್ಲಿ ಧಾರಾವಾಹಿ ಮುಗಿದೇ ಹೋಗುತ್ತದೆ. ಹಾಗಾಗಿ ಸಂಕಷ್ಟಿಯ ದಿನ ಮಾತ್ರ ಟ್ಯಾಬ್ಲೆಟ್ ಊಟದ ಮೇಜಿಗೆ ಬಂದು, ಉಪ್ಪಿನಕಾಯಿ ಭರಣಿಗೆ ಒರಗಿ ನಿಲ್ಲುತ್ತದೆ. ಧಾರಾವಾಹಿಯಲ್ಲಿ ಸೊಸೆ ಕೋಪದಲ್ಲಿ ಬಾಗಿಲು ತಟ್ಟುವ ಗಳಿಗೆ. ಇತ್ತ ನಮ್ಮ ಮನೆಯ ಸೊಸೆ ತಣ್ಣಗಾದ ಸಾರನ್ನು ಮೈಕ್ರೋವೇವ್ ಓವನ್ನಿನಲ್ಲಿಟ್ಟು ಗುಂಡಿ ಒತ್ತಿದಳು.

ಧಾರಾವಾಹಿ ನಿಂತಿತು. ಗಿರಗಿರ ಸುತ್ತತೊಡಗಿತು.

"ಅಮ್ಮಾ, ಆಫ್ ಮಾಡು" ಅಂದಳು ಮಗಳು. ಬಾಗಿಲು ತಟ್ಟಿದ ಸದ್ದು ಕೇಳಿಸಿತು. "ಆನ್ ಮಾಡು." ನಿಂತಿತು. "ಇನ್ನೊಂದ್ಸಲ." ನಾಲ್ಕನೇ ಸಲ ಸಾರು ಗೊಜ್ಜಾಗುವ ಹೊತ್ತಿಗೆ ಗುಟ್ಟು ಬಯಲಾಗಿತ್ತು. ನಮ್ಮ ಹಳೆಯ ವೈಫೈ ಓಡಾಡುವುದು 2.4 ಗಿಗಾಹರ್ಟ್ಸ್ ಬೀದಿಯಲ್ಲಿ. ಓವನ್ನಿನ ಅಲೆಗಳದ್ದೂ ಅದೇ ಬೀದಿ. ನಮ್ಮ ಓವನ್ನು ಮುದಿಯಾಗಿದೆ, ಬಾಗಿಲ ಸಂದಿಯಿಂದ ಕೊಂಚ ಸೋರುತ್ತದೆ. ಬೇರೆ ದಿನ ಎಂಟಕ್ಕೇ ಬಿಸಿಬಿಸಿ ಊಟವಾಗುವುದರಿಂದ ಧಾರಾವಾಹಿ ಹೊತ್ತಿಗೆ ಓವನ್ನಿಗೆ ಕೆಲಸವಿಲ್ಲ, ಟ್ಯಾಬ್ಲೆಟ್ಟೂ ಅದರ ಪಕ್ಕ ಇರುವುದಿಲ್ಲ. ಚಂದ್ರ, ಹಸಿವು, ಸಾರು, ಧಾರಾವಾಹಿ ನಾಲ್ಕೂ ಒಂದೇ ಮೇಜಿಗೆ ಬರುವುದು ತಿಂಗಳಿಗೊಂದು ಸಲ.

"ಹೌದಮ್ಮ" ಅಂದೆ. "ನನ್ನೆದುರೂ ನಿಂತಿತು."

ಅಮ್ಮ ಅಪ್ಪನ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ?" ಅಪ್ಪ ಟಿವಿಯ ದನಿ ತಗ್ಗಿಸಿದರು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಗೌರವ ಇಲ್ಲ.

ಉತ್ಸಾಹದಿಂದ ಎದ್ದೆ. "ಎರಡೇ ನಿಮಿಷ ಇರಮ್ಮ, ಟ್ಯಾಬ್ಲೆಟ್ಟನ್ನ ಇನ್ನೊಂದು ಬೀದಿಗೆ ಹಾಕಿಬಿಡ್ತೀನಿ. ಆಮೇಲೆ ನಿಲ್ಲಲ್ಲ."

"ಬೇಡ ಬಿಡೋ. ಉಪವಾಸದ ದಿನ ಇದೆಲ್ಲ ನೋಡಬಾರ್ದು ಅಂತ ಗಣಪತೀನೇ ನಿಲ್ಲಿಸ್ತಿದಾನೆ ಅಂದ್ಕೊಂಡಿದ್ದೆ. ವಿಘ್ನ ತರೋನೂ ಅವನೇ, ಕಳೆಯೋನೂ ಅವನೇ. ನೋಡಿದ್ರೆ ಓವನ್ನು. ಪರವಾಗಿಲ್ಲ, ತಿಂಗಳಿಗೊಂದು ದಿನ ಅದಕ್ಕೂ ಉಪವಾಸ ಇರ್ಲಿ."

"ಮತ್ತೆ ಎಂಟು ತಿಂಗಳಿಂದ ಯಾಕಮ್ಮ ಹೇಳ್ತಿದ್ದೆ?"

"ನೀನು ನಂಬ್ಲಿಲ್ವಲ್ಲ, ಅದಕ್ಕೆ."

ನನಗೆ ಕೊಬ್ಬರಿಮಿಠಾಯಿಯ ಆ ರಾತ್ರಿ ನೆನಪಾಯಿತು. ಜ್ಞಾನೋದಯವಾದ ಮುಖಮಾಡಿ ಹೆಂಡತಿಯ ಕಡೆ ತಿರುಗಿದೆ. "ನಿನ್ನ ಗೀಸರ್ ಒಂಥರಾ ಆಡುತ್ತೆ ಅಂದ್ಯಲ್ಲ, ಅದನ್ನೂ ನಾನು ಪೂರ್ತಿ ನಂಬ್ತೀನಿ ಕಣೇ."

"ನಂಬಿಕೆ ನಿಮ್ಮಮ್ಮನಿಗೆ ಸಾಕು" ಅಂದಳು ಅವಳು, ಗೊಜ್ಜಾದ ಸಾರನ್ನು ನನ್ನ ತಟ್ಟೆಗೇ ಬಡಿಸುತ್ತ. "ನನಗೆ ಬಿಸಿನೀರು ಬೇಕು."